ಸರಾಸರಿ ಗ್ರಾಫ್ ತೋರಿಸಿ ಹೊಸ ಸ್ವಿಚ್ ಮಾರುವವರಿದ್ದಾರೆ, ಎಚ್ಚರ

ನೆಟ್‌ವರ್ಕ್ ನೋಡಿಕೊಳ್ಳುವ ಗುತ್ತಿಗೆದಾರರು ಗ್ರಾಫ್ ತೋರಿಸಿ, ‘ಲಿಂಕಿನ ಬಳಕೆ ಶೇ. 15 ಕೂಡ ಇಲ್ಲ, ಪ್ಯಾಕೆಟ್ (ಮಾಹಿತಿಯ ತುಣುಕು) ಬೀಳಲು, ಅಂದರೆ ಕಳೆದುಹೋಗಲು, ಸಾಧ್ಯವೇ ಇಲ್ಲ’ ಎಂದರೆ, ಅದರ ಒಂದೊಂದು ಚುಕ್ಕೆ ಎಷ್ಟು ಹೊತ್ತಿನ ಸರಾಸರಿ ಎಂದು ಕೇಳಿ. ನಮ್ಮ ಕಚೇರಿಯಲ್ಲಿ ಅಂಥ ಗ್ರಾಫಿನ ಬಲದ ಮೇಲೆಯೇ ಕೇಬಲ್‌ಗಳು ಬದಲಾದವು, ಕಂಪ್ಯೂಟರುಗಳನ್ನು ಜೋಡಿಸುವ ಮಹಡಿಯ ಸ್ವಿಚ್ ಬದಲಾಯಿತು. ತೊಂದರೆ ಮಾತ್ರ ಬದಲಾಗಲಿಲ್ಲ: ಸರ್ವರ್‌ನಿಂದ ಕಡತ ತೆರೆಯುವಾಗ ತಡವರಿಕೆ, ವಿಡಿಯೊ ಸಭೆಯಲ್ಲಿ ತುಂಡು ತುಂಡಾದ ಮಾತು.

ಪಿಂಗ್‌ನಲ್ಲಿ (ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದೆಯೇ ನೋಡುವ ಪರೀಕ್ಷೆಯಲ್ಲಿ) ಒಂದು ಪ್ಯಾಕೆಟ್ಟೂ ಕಳೆದಿಲ್ಲ ಎಂಬುದು ಅವರ ಇನ್ನೊಂದು ವಾದ. ಸೆಕೆಂಡಿಗೊಂದರಂತೆ ಹೋಗುವ ಪುಟ್ಟ ಪ್ಯಾಕೆಟ್ ಕೆಲವೇ ಮಿಲಿಸೆಕೆಂಡು ಇರುವ ದಟ್ಟಣೆಗೆ ಸಿಗುವುದೇ ಅಪರೂಪ. ಇದರ ತಿರುವುಮುರುವೂ ಉಂಟು. ಸ್ವಿಚ್ಚಿನ ಸ್ವಂತ ವಿಳಾಸಕ್ಕೆ ಪಿಂಗ್ ಮಾಡಿದಾಗ ಉತ್ತರ ತಪ್ಪಿದರೆ ಹೌಹಾರಬೇಕಿಲ್ಲ. ಅದಕ್ಕೆ ಉತ್ತರಿಸುವುದು ಸ್ವಿಚ್ಚಿನ ಸಿಪಿಯು, ಆ ಕೆಲಸಕ್ಕೆ ಅದು ಕೊಡುವ ಆದ್ಯತೆ ಕಡಿಮೆ.

ನಿಜವಾಗಿ ನಡೆಯುತ್ತಿದ್ದುದು ಮುಖ್ಯ ಸ್ವಿಚ್ಚಿನಲ್ಲಿ. ಸರ್ವರ್ ಅದಕ್ಕೆ ಸೆಕೆಂಡಿಗೆ 10 ಗಿಗಾಬಿಟ್ ವೇಗದಲ್ಲಿ ಸುರಿಯುತ್ತಿತ್ತು, ಮಹಡಿಗೆ ಹೋಗುವ ಲಿಂಕ್ 1 ಗಿಗಾಬಿಟ್. ಉಳಿಯುವ 9 ಗಿಗಾಬಿಟ್ ಸ್ವಿಚ್ಚಿನ ತಾತ್ಕಾಲಿಕ ಸಂಗ್ರಹವಾದ ಬಫರಿನಲ್ಲಿ ನಿಲ್ಲಬೇಕು, ಅಂದರೆ ಮಿಲಿಸೆಕೆಂಡಿಗೆ 1 ಮೆಗಾಬೈಟ್‌ಗಿಂತ ಹೆಚ್ಚು. ಕೆಲವೇ ಮೆಗಾಬೈಟ್ ಬಫರನ್ನು ಎಲ್ಲ ಪೋರ್ಟ್‌ಗಳೂ ಹಂಚಿಕೊಳ್ಳುವ ಸ್ವಿಚ್ಚಿನಲ್ಲಿ ಅದು ಕಣ್ಣು ಮಿಟುಕಿಸುವುದರೊಳಗೆ ತುಂಬಿ, ಮಿಕ್ಕದ್ದೆಲ್ಲ ಬೀಳುತ್ತದೆ. ಗ್ರಾಫಿನ ಒಂದು ಚುಕ್ಕೆ ಐದು ನಿಮಿಷದ ಸರಾಸರಿಯಾದರೆ, ಅದರಲ್ಲಿ 3,00,000 ಮಿಲಿಸೆಕೆಂಡುಗಳಿವೆ. ಹತ್ತಿಪ್ಪತ್ತರಲ್ಲಿ ಆದ ಅನಾಹುತ ಆ ಸರಾಸರಿಯಲ್ಲಿ ಎಲ್ಲಿ ಕಂಡೀತು? ಲೆಕ್ಕಕ್ಕೆ, ಹಾದುಹೋದ ಬೈಟ್‌ಗಳನ್ನು ಎಣಿಸುವ 32 ಬಿಟ್ ಕೌಂಟರ್ ಬಳಸಿದ್ದರಂತೂ ಮುಗಿಯಿತು: ತುಂಬಿದ ಗಿಗಾಬಿಟ್ ಲಿಂಕಿನಲ್ಲಿ ಅದು ಸುಮಾರು 34 ಸೆಕೆಂಡಿಗೊಮ್ಮೆ ಸುತ್ತು ಹೊಡೆದು ಸೊನ್ನೆಗೆ ಮರಳುತ್ತದೆ. 64 ಬಿಟ್ ಕೌಂಟರ್‌ಗಳನ್ನೇ ಓದಿಸಿ.

ಸಿಟ್ಟು ಬರಿಸುವ ಸಂಗತಿ ಏನೆಂದರೆ, ಇದೆಲ್ಲ ಮುಖ್ಯ ಸ್ವಿಚ್ಚಿನ ಕೌಂಟರಿನಲ್ಲೇ ಬರೆದಿತ್ತು. ಮಹಡಿಯ ಕಡೆಗಿನ ಪೋರ್ಟಿನಲ್ಲಿ ಔಟ್‌ಪುಟ್ ಡಿಸ್ಕಾರ್ಡ್ (ಹೊರಗೆ ಕಳಿಸಲಾಗದೆ ಬಿದ್ದ ಪ್ಯಾಕೆಟ್‌ಗಳ ಎಣಿಕೆ) ಏರುತ್ತಲೇ ಇತ್ತು. ಸಿಆರ್‌ಸಿ ದೋಷ (ದಾರಿಯಲ್ಲಿ ಕೆಟ್ಟು ಬಂದ ಪ್ಯಾಕೆಟ್) ಒಂದೂ ಇರಲಿಲ್ಲ. ಸಿಆರ್‌ಸಿ ಏರಿದ್ದರೆ ಕೇಬಲ್, ಆಪ್ಟಿಕ್ಸ್ (ಬೆಳಕಿನ ತಂತುವಿನ ಜೋಡಣೆ), ಡ್ಯೂಪ್ಲೆಕ್ಸ್ (ಎರಡು ದಿಕ್ಕಿನ ಸಾಗಣೆಯ ವಿಧಾನ) ಹೊಂದಾಣಿಕೆಗಳ ಮೇಲೆ ಗುಮಾನಿ ಪಡಬೇಕು. ಡಿಸ್ಕಾರ್ಡ್ ಏರುತ್ತಿರುವಾಗ ಕೇಬಲ್ ಬದಲಿಸುವುದು ಜ್ವರಕ್ಕೆ ಕಾಲಿಗೆ ಪಟ್ಟಿ ಕಟ್ಟಿದಂತೆ. ಈ ಗುತ್ತಿಗೆದಾರರೋ, ಬಂದಾಗಲೆಲ್ಲ ಮೊದಲು ಕೌಂಟರ್‌ಗಳನ್ನು ಸೊನ್ನೆ ಮಾಡಿ, ಕೂಡಲೇ ನೋಡಿ ‘ಎಲ್ಲ ಸರಿಯಿದೆ’ ಎಂದು ವರದಿ ಬರೆಯುತ್ತಿದ್ದರು. ಸೊನ್ನೆ ಮಾಡುವ ಮೊದಲು ಹಳೆಯ ಅಂಕಿಗಳನ್ನು ಉಳಿಸಿಕೊಳ್ಳಿ. ಡಿಸ್ಕಾರ್ಡ್ ಕೌಂಟರನ್ನು ಕೆಲವು ಸೆಕೆಂಡಿಗೊಮ್ಮೆ ಓದಿಸಿ, ಎರಡು ಓದುಗಳ ನಡುವಿನ ವ್ಯತ್ಯಾಸವನ್ನೇ ಗ್ರಾಫ್ ಮಾಡಿಸಿ.

ಕೊನೆಗೆ ಮಹಡಿಯ ಲಿಂಕನ್ನು 10 ಗಿಗಾಬಿಟ್‌ಗೆ ಏರಿಸಿ, ಧ್ವನಿ ಮತ್ತು ವಿಡಿಯೊಗೆ ಆದ್ಯತೆಯ ಸಾಲು ಕೊಟ್ಟ ಮೇಲೆ ದೂರುಗಳು ನಿಂತವು. ಬಳಕೆದಾರರ ಪೋರ್ಟ್‌ಗಳಲ್ಲಿ ಈಗಲೂ ಅಷ್ಟಿಷ್ಟು ಡಿಸ್ಕಾರ್ಡ್ ಕಾಣುತ್ತದೆ. ಪ್ಯಾಕೆಟ್ ಬಿದ್ದುದನ್ನು ನೋಡಿಯೇ ಮಾಹಿತಿ ಸಾಗಣೆಯ ನಿಯಮಾವಳಿಯಾದ ಟಿಸಿಪಿ ಸಾಮಾನ್ಯವಾಗಿ ವೇಗ ತಗ್ಗಿಸುವುದರಿಂದ ಅದು ಸಹಜ. ಅದನ್ನು ಪೂರ್ತಿ ಸೊನ್ನೆಗೆ ಇಳಿಸಿಕೊಡುತ್ತೇವೆಂದು ಇನ್ನೊಂದು ಸ್ವಿಚ್ಚಿನ ದರಪಟ್ಟಿ ಬಂದರೆ, ಅದರಲ್ಲಿ ಬಫರಿನ ಗಾತ್ರ ಬರೆದಿದೆಯೇ ನೋಡಿ. ನಮಗೆ ಬಂದುದರಲ್ಲಿ ಇರಲಿಲ್ಲ.