ಪಿಜಿಬೌನ್ಸರ್: ನಾಲ್ಕು ವರ್ಷ ಬಳಸಿದ ಮೇಲೆ

ನನ್ನದು ಹಳೆಯ ಪ್ರಶ್ನೆಪತ್ರಿಕೆಗಳ ಸೈಟ್. ವರ್ಷವೆಲ್ಲ ತಣ್ಣಗಿರುತ್ತದೆ, ಪರೀಕ್ಷೆ ಹತ್ತಿರ ಬಂದರೆ ಜಾತ್ರೆ. ಎರಡು ಕೋರ್, 4 ಜಿಬಿ ರ‍್ಯಾಮ್‌ನ ಒಂದೇ ಸರ್ವರ್. ಅದಕ್ಕಿಂತ ದೊಡ್ಡದು ನನ್ನ ಕೈಗೆ ಎಟುಕುವುದಿಲ್ಲ.

ಅದರ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದು ಪ್ರತಿ ಕನೆಕ್ಷನ್‌ಗೂ ಒಂದು ಪ್ರೋಸೆಸ್ ಶುರು ಮಾಡುತ್ತದೆ. ಕನೆಕ್ಷನ್‌ಗಳ ಡಿಫಾಲ್ಟ್ ಮಿತಿ 100. ಅದು ತುಂಬಿದರೆ ‘ಟೂ ಮೆನಿ ಕ್ಲೈಂಟ್ಸ್’ ಅಂತ ಮುಖದ ಮೇಲೆ ಬಾಗಿಲು ಹಾಕಿಬಿಡುತ್ತದೆ. ಮೊದಲು ಮಿತಿಯನ್ನು 300ಕ್ಕೆ ಏರಿಸಿ ನೋಡಿದೆ. ರ‍್ಯಾಮ್ ತುಂಬಿ ಸೈಟ್ ಇನ್ನೂ ನಿಧಾನವಾಯಿತು.

ಪಿಜಿಬೌನ್ಸರ್ ಆ್ಯಪ್‌ಗೂ ಪೋಸ್ಟ್‌ಗ್ರೆಸ್‌ಗೂ ನಡುವೆ ನಿಲ್ಲುವ ಸಣ್ಣ ಪ್ರೋಗ್ರಾಂ. ಅದು ತನ್ನ ಮಿತಿಯೊಳಗೆ ಬಂದವರನ್ನು ವಾಪಸ್ ಕಳಿಸುವುದಿಲ್ಲ, ಕಾಯಿಸುತ್ತದೆ. ಮದುವೆ ಊಟದಲ್ಲಿ ಮುಂದಿನ ಪಂಕ್ತಿಗೆ ನಿಲ್ಲಿಸಿದ ಹಾಗೆ. ಆ್ಯಪ್ ಕಡೆಯಿಂದ 400 ಕನೆಕ್ಷನ್ ಇದ್ದರೂ ಡೇಟಾಬೇಸ್‌ಗೆ ಹೋಗುವುದು 12 ಮಾತ್ರ. ಒಂದು ಟ್ರಾನ್ಸಾಕ್ಷನ್ (ಡೇಟಾಬೇಸ್‌ನಲ್ಲಿ ಒಟ್ಟಿಗೆ ಮುಗಿಯುವ ಒಂದು ಕೆಲಸ) ಮುಗಿದ ಕೂಡಲೇ ಆ ಜಾಗ ಇನ್ನೊಬ್ಬರಿಗೆ. ಹೀಗೆ ಒಳಗೆ ಬಿಡುವ ಕನೆಕ್ಷನ್‌ಗಳ ಗುಂಪಿಗೆ ಪೂಲ್ ಅನ್ನುತ್ತಾರೆ. ಡಿಫಾಲ್ಟ್ ಪೂಲ್ 20 ಇತ್ತು, 12ಕ್ಕೆ ಇಳಿಸಿದ ಮೇಲೆ ಪುಟಗಳು ಇನ್ನೂ ಬೇಗ ಬಂದವು! ಇರುವುದೇ ಎರಡು ಕೋರ್ ಅಲ್ವಾ, ಜಾಸ್ತಿ ಜನ ಒಟ್ಟಿಗೆ ನುಗ್ಗಿದರೆ ಎಲ್ಲರಿಗೂ ತಡ.

ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಪಿಜಿಬೌನ್ಸರ್‌ನ 6432 ಪೋರ್ಟ್‌ಗೆ ಹೋಗಿ ‘ಶೋ ಪೂಲ್ಸ್’ ಕೊಡುತ್ತೇನೆ. ‘ಸಿಎಲ್ ವೇಟಿಂಗ್’ (ಕಾಯುತ್ತಿರುವವರ ಸಂಖ್ಯೆ) ಕೆಳಗೆ ಸೊನ್ನೆ ಕಂಡರೆ ಸಮಾಧಾನ. ‘ಮ್ಯಾಕ್ಸ್‌ವೇಟ್’ (ಸಾಲಿನ ಮೊದಲಿನವರು ಕಾದ ಸಮಯ) ಏರುತ್ತಿದ್ದರೆ ಎಲ್ಲೋ ಒಂದು ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳಿದ ಪ್ರಶ್ನೆ, ಎಳೆಯುತ್ತಿರಬಹುದು ಅಂತ ಅನುಮಾನ. ಆಗ ಲೋಟ ಕೆಳಗಿಟ್ಟು ಅದನ್ನೇ ಹುಡುಕುತ್ತೇನೆ.

ಬೇಜಾರೂ ಇದೆ. ಹೀಗೆ ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಜಾಗ ಬಿಡಿಸುವ ಟ್ರಾನ್ಸಾಕ್ಷನ್ ಮೋಡ್‌ಗೆ ಹಾಕಿದ ದಿನ, ರೈಲ್ಸ್ ಎಂಬ ವೆಬ್ ಫ್ರೇಮ್‌ವರ್ಕ್‌ನಲ್ಲಿ ಬರೆದ ನನ್ನ ಆ್ಯಪ್ ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಮೊದಲೇ ತಯಾರಿಸಿಟ್ಟ ಕ್ವೆರಿ) ಇಲ್ಲ’ ಅಂತ ಎರರ್ ಸುರಿಸಿತು. ಒಂದು ಕನೆಕ್ಷನ್‌ನಲ್ಲಿ ತಯಾರಾದದ್ದನ್ನು ಇನ್ನೊಂದರಲ್ಲಿ ಕೇಳಿದರೆ ಎಲ್ಲಿ ಸಿಗಬೇಕು? ಕಾರಣ ಹುಡುಕುವುದರಲ್ಲೇ ಎರಡು ರಾತ್ರಿ ಹೋಯಿತು. ಕೊನೆಗೆ ರೈಲ್ಸ್‌ನಲ್ಲಿ ಆ ಸೌಲಭ್ಯವನ್ನೇ ಆಫ್ ಮಾಡಿದೆ. 2023ರಲ್ಲಿ ಬಂದ ಪಿಜಿಬೌನ್ಸರ್ 1.21 ಆವೃತ್ತಿ ಇದನ್ನು ನಿಭಾಯಿಸಬಲ್ಲದು. ಡೇಟಾಬೇಸ್‌ನಿಂದ ಬರುವ ಸೂಚನೆಗೆ ಕಾಯುವ ‘ಲಿಸನ್’ ಕಮಾಂಡ್ ಮಾತ್ರ ಈಗಲೂ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ನಡೆಯುವುದಿಲ್ಲ.

ಆದರೂ ಇದನ್ನು ಬಿಡಲಾರೆ, ಕೆಲಸ ತಡೆಹಿಡಿಯುವ ‘ಪಾಝ್’ (PAUSE) ಕಮಾಂಡ್ ಒಂದಕ್ಕಾಗಿಯಾದರೂ. ಹೋದ ತಿಂಗಳು ಶೇರ್ಡ್ ಬಫರ್ಸ್ (ಪೋಸ್ಟ್‌ಗ್ರೆಸ್‌ನ ಒಂದು ಮೆಮೊರಿ ಸೆಟ್ಟಿಂಗ್) ಬದಲಿಸಬೇಕಿತ್ತು, ಅದಕ್ಕೆ ಪೋಸ್ಟ್‌ಗ್ರೆಸ್ ರೀಸ್ಟಾರ್ಟ್ ಆಗಲೇಬೇಕು. ಸಂಜೆ ಏಳು ಗಂಟೆ, ಮಕ್ಕಳೆಲ್ಲ ಸೈಟ್‌ನಲ್ಲೇ ಇದ್ದರು. ‘ಪಾಝ್’ ಕೊಟ್ಟೆ. ನಡೆಯುತ್ತಿದ್ದ ಕೆಲಸಗಳು ಮುಗಿದವು, ಹೊಸಬರು ಸಾಲಿನಲ್ಲಿ ನಿಂತರು. ರೀಸ್ಟಾರ್ಟ್ ಮಾಡಿ ‘ರೆಸ್ಯೂಮ್’ ಕೊಟ್ಟೆ. ಕಾಯುತ್ತಿದ್ದವರು 38, ಆಮೇಲೆ 9, ಆಮೇಲೆ ಸೊನ್ನೆ. ಲಾಗ್‌ನಲ್ಲಿ ಒಂದೂ ಎರರ್ ಇರಲಿಲ್ಲ.