ಬರ್ಗೆನ್‌ನ ಶಿಲ್ಲಿಂಗ್ಸ್‌ಬೊಲ್ಲೆ: ಮಳೆಯ ಊರಿನ ದಿನನಿತ್ಯದ ಬನ್

ನಾರ್ವೆಯ ಬರ್ಗೆನ್ ನಗರ ನೋಡಲು ಬಂದವರು ಬ್ರಿಗ್ಗೆನ್‌ನ ಹಳೆಯ ಮರದ ಕಟ್ಟಡಗಳ ಮುಂದೆ ನಿಲ್ಲುತ್ತಾರೆ, ಮೀನು ಮಾರುಕಟ್ಟೆ ಸುತ್ತುತ್ತಾರೆ, ಫ್ಲೋಯ್‌ಬಾನೆನ್ ಹಳಿಬಂಡಿ ಹತ್ತಿ ಗುಡ್ಡದ ಮೇಲಿಂದ ಊರನ್ನು ಕಣ್ತುಂಬಿಕೊಂಡು ಇಳಿಯುತ್ತಾರೆ. ತಿನ್ನುವ ವಿಷಯ ಬಂದರೆ ಏಡಿ, ಸಾಲ್ಮನ್ ಎಂದು ದುಬಾರಿ ತಟ್ಟೆಗಳನ್ನು ಹುಡುಕುತ್ತಾರೆ. ಊರಿನವರು ವಾರವಿಡೀ ತಿನ್ನುವ ತಿಂಡಿ ಮಾತ್ರ ಬೇಕರಿಯ ಗಾಜಿನ ಹಿಂದೆ ಯಾವ ಅಲಂಕಾರವೂ ಇಲ್ಲದೆ ಸಾಲಾಗಿ ಕುಳಿತಿರುತ್ತದೆ. ಅದೇ ಶಿಲ್ಲಿಂಗ್ಸ್‌ಬೊಲ್ಲೆ, ಬರ್ಗೆನ್‌ನ ದಾಲ್ಚಿನ್ನಿ ಬನ್. ನಾರ್ವೆಯಲ್ಲಿ 1875ರಲ್ಲಿ ಕ್ರೋನೆ ಚಲಾವಣೆಗೆ ಬರುವ ಮೊದಲು ಶಿಲ್ಲಿಂಗ್ ಎಂಬ ಚಿಲ್ಲರೆ ನಾಣ್ಯವಿತ್ತು. ಬನ್ನಿನ ಹೆಸರು ಆ ಕಾಲದ್ದು. ಇಲ್ಲಿ ನೆಲೆಸಿರುವ ನಾನು ಇದನ್ನು ಬೇಕರಿಯಿಂದ, ಸೂಪರ್‌ಮಾರ್ಕೆಟ್‌ನಿಂದ, ಪೆಟ್ರೋಲ್ ಬಂಕಿನಿಂದ, ಪಕ್ಕದ ಮನೆಯ ಅಡುಗೆಮನೆಯಿಂದ ತಿಂದಿದ್ದೇನೆ. ಎಲ್ಲವೂ ಒಂದೇ ಅಲ್ಲ. ಯಾವುದಕ್ಕೆ ಹಣ ಕೊಡಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಸ್ತು ಎಂಥದು ನೋಡೋಣ. ಹಾಲು, ಬೆಣ್ಣೆ, ಸಕ್ಕರೆ, ಯೀಸ್ಟ್ ಹಾಕಿ ಕಲಸಿದ ಮೈದಾ ಹಿಟ್ಟು. ಅದರೊಳಗೆ ಕುಟ್ಟಿದ ಏಲಕ್ಕಿ. ಹಿಟ್ಟು ಉಬ್ಬಿದ ಮೇಲೆ ಅಗಲವಾಗಿ ಲಟ್ಟಿಸಿ, ಮೆತ್ತಗಿನ ಬೆಣ್ಣೆ ಸವರಿ, ಸಕ್ಕರೆ ಮತ್ತು ದಾಲ್ಚಿನ್ನಿ ಪುಡಿ ಉದುರಿಸಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಬಿಲ್ಲೆಗಳಾಗಿ ಕತ್ತರಿಸಿ ಬೇಯಿಸುತ್ತಾರೆ. ಒಸ್ಲೋದ ಕೆಫೆಗಳಲ್ಲಿ ಹೆಚ್ಚಾಗಿ ಕಾಣುವ ಕನೇಲ್‌ಸ್ನುರ್ ಎಂಬುದನ್ನು ಹಿಟ್ಟಿನ ಪಟ್ಟಿ ತಿರುಚಿ ಗಂಟು ಹಾಕಿ ಮಾಡುತ್ತಾರೆ. ಅದರ ಮೇಲೆ ಕರಗದ ಬಿಳಿ ಮುತ್ತುಸಕ್ಕರೆ ಇರುವುದೂ ಉಂಟು. ಬರ್ಗೆನ್‌ನದು ಗುಂಡಗೆ, ಚಪ್ಪಟೆಯಾಗಿ, ಚಕ್ಕುಲಿಯಂತೆ ಸುರುಳಿ ಎದ್ದು ಕಾಣುವ ಬನ್. ಮೇಲೆ ಸಾದಾ ಸಕ್ಕರೆಯ ಹರಳು, ಅಷ್ಟೇ. ಕೆನೆ ಇಲ್ಲ, ಐಸಿಂಗ್ ಇಲ್ಲ, ಚಾಕೊಲೇಟ್ ಇಲ್ಲ.

ಈ ಬನ್ನನ್ನು ಹೇಗೆ ಪರೀಕ್ಷಿಸಬೇಕು ಎಂದು ನನಗೆ ಕಲಿಸಿದವರು ಒಬ್ಬ ಅಜ್ಜಿ. ನಾನು ಕೆಲಸ ಮಾಡುವುದು ವೃದ್ಧರ ಆರೈಕೆ ಕೇಂದ್ರದಲ್ಲಿ. ಅಲ್ಲಿ ಮಧ್ಯಾಹ್ನದ ಕಾಫಿ ಹೊತ್ತು ಎಂದರೆ ಔಷಧಿ ಹೊತ್ತಿನಷ್ಟೇ ಕಟ್ಟುನಿಟ್ಟು. ತಳ್ಳುಗಾಡಿಯಲ್ಲಿ ಥರ್ಮಸ್ ಫ್ಲಾಸ್ಕುಗಳು, ಪಕ್ಕದಲ್ಲಿ ಬನ್ನಿನ ತಟ್ಟೆ. ತೊಂಬತ್ತು ದಾಟಿದ ಈ ಅಜ್ಜಿ ಬನ್ನನ್ನು ಎಂದೂ ಕಚ್ಚುವುದಿಲ್ಲ. ಮೊದಲು ಮಗುಚಿ ತಳ ನೋಡುತ್ತಾರೆ: ಸಕ್ಕರೆ ಕರಗಿ ಹರಿದು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರಬೇಕು, ಕರಕಲಾಗಿರಬಾರದು. ಆಮೇಲೆ ಹೊರ ಅಂಚಿನ ತುದಿ ಹಿಡಿದು ನಿಧಾನವಾಗಿ ಬಿಚ್ಚುತ್ತಾರೆ. ಸುರುಳಿ ಪದರ ಪದರವಾಗಿ ಬಿಟ್ಟುಕೊಳ್ಳಬೇಕು, ಪುಡಿಯಾಗಿ ಉದುರಬಾರದು, ಹಸಿ ಹಿಟ್ಟಿನಂತೆ ಅಂಟಲೂ ಬಾರದು. ಹೊರಗಿನ ಸುತ್ತು ಸ್ವಲ್ಪ ಒಣಗಿರುತ್ತದೆ, ಅದನ್ನು ಕಪ್ಪು ಕಾಫಿಯಲ್ಲಿ ಅದ್ದುತ್ತಾರೆ. ಒಳ ಸುತ್ತುಗಳನ್ನು ಹಾಗೆಯೇ ತಿನ್ನುತ್ತಾರೆ. ಬೆಣ್ಣೆಯೂ ದಾಲ್ಚಿನ್ನಿಯೂ ಒಟ್ಟಿಗೆ ಇಂಗಿದ ನಡುವಿನ ಮೆತ್ತಗಿನ ತುಣುಕು ಕೊನೆಗೆ. ಒಂದು ದಿನ ಅವರು ಅರ್ಧ ಬಿಚ್ಚಿದ ಬನ್ನನ್ನು ತಟ್ಟೆಗಿಟ್ಟು ನನ್ನನ್ನು ಕೇಳಿದರು, "ಇದರಲ್ಲಿ ಏಲಕ್ಕಿ ಎಲ್ಲಿದೆ? ನೀನೇ ಮೂಸಿ ನೋಡು." ನಿಜಕ್ಕೂ ಇರಲಿಲ್ಲ. ಆ ದಿನ ಅಡುಗೆಮನೆಯವರು ಬೇರೆ ಕಡೆಯಿಂದ ತರಿಸಿದ್ದರು.

ಏಲಕ್ಕಿಯ ವಿಷಯದಲ್ಲಿ ನಾನು ಪೂರ್ತಿ ಅಜ್ಜಿಯ ಪಕ್ಷ. ಹೆಸರಿಗೆ ಇದು ದಾಲ್ಚಿನ್ನಿಯ ಬನ್, ಆದರೆ ರುಚಿಯನ್ನು ಹೊತ್ತು ನಿಂತಿರುವುದು ಹಿಟ್ಟಿನೊಳಗಿನ ಏಲಕ್ಕಿ. ದಾಲ್ಚಿನ್ನಿ ನಾಲಿಗೆಗೆ ಮೊದಲು ತಾಗುತ್ತದೆ, ಏಲಕ್ಕಿ ನುಂಗಿದ ಮೇಲೆ ಮೂಗಿಗೆ ಬರುತ್ತದೆ. ಒಳ್ಳೆಯ ಬೇಕರಿಯವರು ಕಾಳನ್ನು ತರಿತರಿಯಾಗಿ ಕುಟ್ಟುತ್ತಾರೆ. ಬನ್ ಬಿಚ್ಚಿದರೆ ಬಿಳಿ ಹಿಟ್ಟಿನಲ್ಲಿ ಕಪ್ಪು ಚುಕ್ಕಿಗಳು ಕಾಣುತ್ತವೆ. ಆ ಚುಕ್ಕಿಗಳಿಲ್ಲದ ಬನ್ನಿನಲ್ಲಿ ಸಿಹಿ ಇರುತ್ತದೆ, ಘಮ ಇರುವುದಿಲ್ಲ. ನಮ್ಮ ಕಡೆಯ ಮಸಾಲೆಗಳ ನಡುವೆ ಬೆಳೆದವರಿಗೆ ಈ ಒಂದು ಗುರುತು ಸಾಕು, ಉಳಿದದ್ದು ತಾನೇ ಅರ್ಥವಾಗುತ್ತದೆ.

ಈಗ ಎಲ್ಲಿ ಕೊಳ್ಳಬೇಕು ಎಂಬ ಮಾತು. ಬರ್ಗೆನ್‌ನಲ್ಲಿ ಶಿಲ್ಲಿಂಗ್ಸ್‌ಬೊಲ್ಲೆ ಎಂದ ಕೂಡಲೇ ಜನ ಹೇಳುವ ಹೆಸರು ಬೇಕರ್ ಬ್ರುನ್. 1893ರಿಂದ ನಡೆದುಕೊಂಡು ಬಂದಿರುವ ಬೇಕರಿ. ಅವರ ಬನ್ ಈ ಊರಿನ ಅಳತೆಗೋಲು ಎಂದರೂ ನಡೆಯುತ್ತದೆ: ತೂಕವಿದೆ, ಸಕ್ಕರೆ ಹಲ್ಲಿಗೆ ಸಿಗುತ್ತದೆ, ಒಳಗೆ ತೇವ ಉಳಿದಿರುತ್ತದೆ. ಬರ್ಗೆನ್‌ನಲ್ಲೇ ಹುಟ್ಟಿ ಬೇರೆ ಊರುಗಳಿಗೂ ಹರಡಿರುವ ಗೊಟ್ ಬ್ರೋ ಸಾವಯವ ಹಿಟ್ಟಿನ ಬೇಕರಿ. ಅಲ್ಲಿ ಒಲೆಯನ್ನೂ ಹಿಟ್ಟು ನಾದುವುದನ್ನೂ ನೋಡುತ್ತಲೇ ಕುಳಿತುಕೊಳ್ಳಬಹುದು. ಅವರ ಬನ್ ಅಗಿಯಲು ಸ್ವಲ್ಪ ಗಟ್ಟಿ, ಹಿಟ್ಟಿನ ರುಚಿ ಹೆಚ್ಚು. ಬೆಳಗಿನ ಉಪಾಹಾರದ ಬದಲು ತಿನ್ನುವುದಾದರೆ ನಾನು ಅದನ್ನೇ ಆರಿಸುತ್ತೇನೆ. ಕಾಫಿಯ ಜೊತೆಗೆ ಬರಿಯ ಸಂತೋಷಕ್ಕೆ ಎಂದಾದರೆ ಹಳೆಯ ಬಗೆಯ ಸಕ್ಕರೆ ಬನ್ನೇ ಮೇಲು.

ಸೂಪರ್‌ಮಾರ್ಕೆಟ್‌ಗಳ ಬನ್ನನ್ನು ನಾನು ತೆಗಳುವುದಿಲ್ಲ. ಹೊರಗೆಲ್ಲೋ ಮಾಡಿ ಹೆಪ್ಪುಗಟ್ಟಿಸಿದ ಹಿಟ್ಟನ್ನು ಅಂಗಡಿಯ ಒಲೆಯಲ್ಲಿ ಬೇಯಿಸುತ್ತಾರೆ. ಬಿಸಿಯಾಗಿರುವಾಗ ಪರವಾಗಿಲ್ಲ, ಬೆಲೆಯೂ ಬೇಕರಿಯದಕ್ಕಿಂತ ತುಂಬಾ ಕಡಿಮೆ. ಶಿಶುವಿಹಾರದಿಂದ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪಂದಿರು ಸಂಜೆ ನಾಲ್ಕರ ಹೊತ್ತಿಗೆ ಅಲ್ಲಿ ಸಾಲಾಗಿ ನಿಂತಿರುತ್ತಾರೆ. ಮಳೆಯಂಗಿ ತೊಟ್ಟ ಮಗು ಬಂಡಿಯೊಳಗೆ ಕುಳಿತು ಎರಡೂ ಕೈಯಲ್ಲಿ ಬನ್ ಹಿಡಿದಿರುತ್ತದೆ, ರಾತ್ರಿಯ ಅಡುಗೆಯಾಗುವ ತನಕ ಅಳು ನಿಲ್ಲುತ್ತದೆ. ಆ ಕೆಲಸಕ್ಕೆ ಆ ಬನ್ ಸಾಕು.

ಹೆದ್ದಾರಿ ಬದಿಯ ಒಂದು ಪೆಟ್ರೋಲ್ ಬಂಕಿನಲ್ಲಿ ಕೊಂಡದ್ದು ಬೇರೆಯೇ ಕಥೆ. ಬಿಸಿ ದೀಪದ ಕೆಳಗೆ ಯಾವಾಗಿನಿಂದ ಇತ್ತೋ, ಹೊರ ಸುತ್ತು ಹಲಗೆಯಂತೆ ಒಣಗಿತ್ತು, ಮೇಲೆ ಸುರಿದ ಐಸಿಂಗ್ ಬೆರಳಿಗೆ ಅಂಟುತ್ತಿತ್ತು. ಅಷ್ಟು ಐಸಿಂಗ್ ಹಾಕುವುದೇ ಒಣಗಿದ್ದನ್ನು ಮುಚ್ಚಿಡಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗೆಯೇ ಈಚೆಗೆ ಕೆಲವು ಕೆಫೆಗಳಲ್ಲಿ ಬನ್ನಿನ ಮೇಲೆ ಕ್ಯಾರಮೆಲ್, ಪಿಸ್ತಾ, ಹಣ್ಣಿನ ಕೆನೆ ಎಂದು ಏನೇನೋ ಏರಿಸುತ್ತಾರೆ, ಗಾತ್ರವೂ ಊಟದ ತಟ್ಟೆಯಷ್ಟು. ನೋಡಲು ಚೆಂದ. ಆದರೆ ಅರ್ಧ ತಿನ್ನುವಷ್ಟರಲ್ಲಿ ನಾಲಿಗೆ ಜಡ್ಡುಗಟ್ಟುತ್ತದೆ, ಕಾಫಿಯ ರುಚಿಯೂ ಹೋಗುತ್ತದೆ. ದಿನವೂ ತಿನ್ನಬಹುದಾದ ತಿಂಡಿಯನ್ನು ಹಬ್ಬದ ತಿಂಡಿ ಮಾಡಲು ಹೊರಟರೆ ಅದು ಎರಡೂ ಆಗುವುದಿಲ್ಲ.

ಬೆಲೆಯ ಬಗ್ಗೆ ಒಂದು ಮಾತು ತಿಳಿದಿರಲಿ. ಗಲ್ಲೆಯ ಹಿಂದೆ ನಿಂತವರು ಮೊದಲು ಕೇಳುವುದೇ ಇಲ್ಲಿ ತಿನ್ನುತ್ತೀರೋ, ತೆಗೆದುಕೊಂಡು ಹೋಗುತ್ತೀರೋ ಎಂದು. ಅದು ಬರಿಯ ಉಪಚಾರವಲ್ಲ. ನಾರ್ವೆಯಲ್ಲಿ ಕಟ್ಟಿಸಿಕೊಂಡು ಹೋಗುವ ಆಹಾರಕ್ಕೆ ಶೇ 15 ತೆರಿಗೆ, ಕುಳಿತು ತಿನ್ನುವುದಕ್ಕೆ ಶೇ 25. ಹಾಗಾಗಿ ಅದೇ ಬನ್ನಿಗೆ ಎರಡು ಬೆಲೆ. ಈ ಊರಿನಲ್ಲಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಮಳೆ ಬೀಳುತ್ತದೆ; ಆ ಹೆಚ್ಚಿನ ಕ್ರೋನೆಗಳು ಕಿಟಕಿ ಪಕ್ಕದ ಜಾಗಕ್ಕೆ, ಒದ್ದೆ ಕೋಟು ನೇತುಹಾಕುವ ಗೂಟಕ್ಕೆ ಕೊಟ್ಟ ಬಾಡಿಗೆ ಎಂದು ನಾನು ಸಂತೋಷದಿಂದಲೇ ಕೊಡುತ್ತೇನೆ. ಮಳೆ ಇಲ್ಲದ ದಿನ ಕಾಗದದ ಚೀಲದಲ್ಲಿ ಹಾಕಿಸಿಕೊಂಡು ಲಿಲ್ಲೆ ಲುಂಗೆಗೋರ್ಸ್ ಕೆರೆಯ ದಂಡೆಗೆ ಹೋಗಿ. ಬೆಂಚಿನ ಮೇಲೆ ಚೀಲ ಬಿಚ್ಚಿಟ್ಟು ಎದ್ದು ಹೋಗಬೇಡಿ, ಕಡಲಹಕ್ಕಿಗಳು ಬಿಡುವುದಿಲ್ಲ.

ಅಂಗಡಿಯಲ್ಲಿ ಕೊಂಡದ್ದಕ್ಕಿಂತ ಹೆಚ್ಚಾಗಿ ಈ ಬನ್ ಸಿಗುವುದು ಜನರ ನಡುವೆ. ವಸಂತ ಬಂದು ಹಿಮ, ಕೆಸರು ಎಲ್ಲ ಹೋದ ಮೇಲೆ, ಮೇ 17ರ ರಾಷ್ಟ್ರೀಯ ದಿನಕ್ಕೆ ಮುಂಚೆ, ವಸತಿ ಸಂಘಗಳಲ್ಲಿ ದುಗ್ನಾದ್ ನಡೆಯುತ್ತದೆ. ಅದು ನೆರೆಹೊರೆಯವರೆಲ್ಲ ಸೇರಿ ಮಾಡುವ ಶ್ರಮದಾನ. ಅಂಗಳ ಗುಡಿಸುವುದು, ಚಳಿಗಾಲದಲ್ಲಿ ಹರಡಿದ ಜಲ್ಲಿಕಲ್ಲು ಬಾಚುವುದು, ಬೇಲಿಗೆ ಬಣ್ಣ ಬಳಿಯುವುದು. ವರ್ಷವಿಡೀ ಲಿಫ್ಟಿನಲ್ಲಿ ತಲೆ ಅಲ್ಲಾಡಿಸುವುದಕ್ಕಿಂತ ಹೆಚ್ಚು ಮಾತಾಡದ ನೆರೆಯವರು ಅಂದು ಕಾಫಿಯ ಲೋಟ, ಬನ್ನು ಕೈಗೆ ಬಂದ ಮೇಲೆ ಬಾಯಿ ಬಿಡುತ್ತಾರೆ. ನಮ್ಮ ಕಟ್ಟಡದ ಎಷ್ಟೋ ಮನೆಗಳ ಸುಖದುಃಖ ನನಗೆ ಗೊತ್ತಾದದ್ದು ಆ ಮೇಜಿನ ಸುತ್ತಲೇ. ಮಕ್ಕಳ ಫುಟ್‌ಬಾಲ್ ಪಂದ್ಯಗಳಲ್ಲೂ ಹೀಗೇ: ಪೋಷಕರು ಸರದಿಯ ಮೇಲೆ ಬನ್ ಮಾಡಿ ತಂದು ಮೈದಾನದ ಅಂಚಿನಲ್ಲಿ ಮಾರುತ್ತಾರೆ, ಮೊಬೈಲಿನ ವಿಪ್ಸ್ ಮೂಲಕ ಹಣ ಪಡೆಯುತ್ತಾರೆ, ಅದು ತಂಡದ ಖರ್ಚಿಗೆ ಹೋಗುತ್ತದೆ. ಅಲ್ಲಿಯ ಬನ್ ಕೆಲವೊಮ್ಮೆ ಸೊಟ್ಟ, ಕೆಲವೊಮ್ಮೆ ಬೇಕರಿಯದನ್ನು ಮೀರಿಸುವಂಥದು.

ಮನೆಯಲ್ಲಿ ಮಾಡುವವರ ಲೆಕ್ಕ ಸುಮಾರು ಒಂದೇ: ಅರ್ಧ ಲೀಟರ್ ಹಾಲು, 150 ಗ್ರಾಂ ಬೆಣ್ಣೆ, ಅಷ್ಟೇ ಸಕ್ಕರೆ, 50 ಗ್ರಾಂ ಹಸಿ ಯೀಸ್ಟಿನ ಒಂದು ಪೊಟ್ಟಣ, ಎರಡು ಚಮಚ ಏಲಕ್ಕಿ, ಹಿಡಿಯುವಷ್ಟು ಮೈದಾ. ಹಾಲನ್ನು ಬೆರಳು ಅದ್ದಿದರೆ ಹಿತವೆನಿಸುವಷ್ಟು, ಅಂದರೆ 37 ಡಿಗ್ರಿಗೆ ಬೆಚ್ಚಗೆ ಮಾಡಬೇಕು. ತುಂಬಾ ಬಿಸಿಯಾದರೆ ಯೀಸ್ಟ್ ಸಾಯುತ್ತದೆ. 225 ಡಿಗ್ರಿ ಒಲೆಯಲ್ಲಿ ಹತ್ತು ಹನ್ನೆರಡು ನಿಮಿಷ. ಒಲೆ ಜೋರಾಗಿರಬೇಕು, ಸಮಯ ಕಡಿಮೆ ಇರಬೇಕು. ನಿಧಾನವಾಗಿ ಬೇಯಿಸಿದರೆ ಒಳಗಿನ ತೇವವೆಲ್ಲ ಆರಿ ಬನ್ ಬ್ರೆಡ್ಡಾಗುತ್ತದೆ. ಒಮ್ಮೆಗೇ ದೊಡ್ಡ ರಾಶಿ ಮಾಡಿ, ತಿಂದು ಉಳಿದದ್ದನ್ನು ಆರಿದ ಕೂಡಲೇ ಫ್ರೀಜರಿಗೆ ಹಾಕುತ್ತಾರೆ. ಮುಂಚೆ ಹೇಳದೆ ಯಾರಾದರೂ ಬಂದರೆ ಕೊಡಲು ಏನೂ ಇಲ್ಲ ಎನ್ನುವ ಮಾತು ಆ ಮನೆಗಳಲ್ಲಿ ಕೇಳಿಬರುವುದಿಲ್ಲ.

ಭಾನುವಾರದ ಬನ್ನಿಗೆ ಬೇರೆ ಜಾಗವಿದೆ. ಅಂದು ದೊಡ್ಡ ಅಂಗಡಿಗಳು ಕಾನೂನಿನ ಪ್ರಕಾರ ಮುಚ್ಚಿರುತ್ತವೆ, ಜನ ಗುಡ್ಡಗಳ ಕಡೆಗೆ ಹೊರಡುತ್ತಾರೆ. ಬೆನ್ನ ಚೀಲದಲ್ಲಿ ಥರ್ಮಸ್, ಒದ್ದೆ ಬಂಡೆಯ ಮೇಲೆ ಹಾಸಿ ಕೂರಲು ಸ್ಪಂಜಿನ ತುಂಡು, ಕಾಗದದಲ್ಲಿ ಸುತ್ತಿದ ಬನ್. 1918ರಲ್ಲಿ ಶುರುವಾದ ಹಳಿಬಂಡಿಯಲ್ಲಿ ಫ್ಲೋಯೆನ್‌ನ 320 ಮೀಟರ್ ಎತ್ತರಕ್ಕೆ ಕೆಲವೇ ನಿಮಿಷಗಳಲ್ಲಿ ಹೋಗಬಹುದು. ಆದರೆ ತಿರುವು ತಿರುವಾದ ದಾರಿಯಲ್ಲಿ ನಡೆದೇ ಹತ್ತಿ ಎಂದು ನನ್ನ ಸಲಹೆ. ಏರುಹಾದಿಯಲ್ಲಿ ಬೆವತ ಮೈಗೆ ಮೇಲಿನ ಗಾಳಿ ತಾಗಿ ನಡುಕ ಶುರುವಾದಾಗ ಬಿಸಿ ಕಾಫಿಯ ಜೊತೆ ಆ ಸಿಹಿಯನ್ನು ಬಾಯಿಗಿಟ್ಟರೆ, ಇಷ್ಟು ಬೆಣ್ಣೆ, ಇಷ್ಟು ಸಕ್ಕರೆ ಏಕೆ ಎಂಬ ಪ್ರಶ್ನೆಗೆ ದೇಹವೇ ಉತ್ತರ ಕೊಡುತ್ತದೆ.

ಬರ್ಗೆನ್‌ನ ಹೊರಗೆ ನಾನು ಮನಸಾರೆ ಮೆಚ್ಚಿದ್ದು ಉತ್ತರ ನಾರ್ವೆಯ ಲೊಫೊಟೆನ್ ದ್ವೀಪಗಳಲ್ಲಿ. ಇ10 ಹೆದ್ದಾರಿ ಮುಗಿಯುವಲ್ಲಿ ಓ ಎಂಬ ಒಂದೇ ಅಕ್ಷರದ ಹಳ್ಳಿ ಇದೆ, ಈಗ ಅದರ ಬಹುಭಾಗ ಮೀನುಗಾರರ ಬದುಕಿನ ವಸ್ತುಸಂಗ್ರಹಾಲಯ. ಅಲ್ಲಿಯ ಬೇಕರಿ 1844ರದು. ಬೇಸಿಗೆಯಲ್ಲಿ ಅಲ್ಲಿ ದಾಲ್ಚಿನ್ನಿ ಬನ್ ಸಿಗುತ್ತದೆ. ಹೊರಗೆ ಒಣಮೀನಿನ ವಾಸನೆ, ಬಾಗಿಲು ತೆರೆದರೆ ಬೆಣ್ಣೆ, ದಾಲ್ಚಿನ್ನಿ. ಅಷ್ಟು ದೂರ ಹೋದವರು ಸಾಲು ಎಷ್ಟೇ ಉದ್ದವಿದ್ದರೂ ನಿಲ್ಲಬೇಕು.

ಬರ್ಗೆನ್‌ಗೆ ಬಂದವರಿಗೆ ಹೇಳುವುದಿಷ್ಟು. ಹತ್ತು ಗಂಟೆಯೊಳಗೆ ಹೋಗಿ. ಯೀಸ್ಟಿನ ಬನ್ ಸಂಜೆಯ ಹೊತ್ತಿಗೆ ಬಿರುಸಾಗುತ್ತದೆ, ಎಷ್ಟು ಒಳ್ಳೆಯ ಬೇಕರಿಯದಾದರೂ ಅಷ್ಟೇ. ತಟ್ಟೆಯ ಅಂಚಿನದನ್ನು ಬಿಟ್ಟು ನಡುವೆ ಇರುವುದನ್ನು ಕೊಡಿ ಎಂದು ಕೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಾಲಿನ ಕಾಫಿಯ ಬದಲು ಕಪ್ಪು ಫಿಲ್ಟರ್ ಕಾಫಿ ತೆಗೆದುಕೊಳ್ಳಿ, ಸಕ್ಕರೆ ಬೇಡ. ಉಳಿದರೆ ಫ್ರಿಜ್ಜಿನಲ್ಲಿ ಇಡಬೇಡಿ, ಅಲ್ಲಿ ಇನ್ನೂ ಬೇಗ ಒಣಗುತ್ತದೆ. ಫ್ರೀಜರಿನಲ್ಲಿಟ್ಟು ಮರುದಿನ ಬಿಸಿ ಒಲೆಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ ತಿನ್ನಿ.