ಲಿವರ್ ನ್ಯೂಟ್ರಲ್‌ನಲ್ಲಿದೆ ಅಂತ ನಂಬಿ ಹಗ್ಗ ಎಳೆಯಬೇಡಿ

ದೋಣಿಯ ಹಿಂದೆ ಕಟ್ಟುವ ಹಳೆಯ ಔಟ್‌ಬೋರ್ಡ್ ಎಂಜಿನ್ ಇಟ್ಟುಕೊಂಡವರು, ಅದರಲ್ಲೂ ಗೇರ್ ಬಾಕ್ಸ್ ರಿಪೇರಿ ಮಾಡಿಸಿ ಈಗಷ್ಟೇ ತಂದವರು, ಇದನ್ನೊಮ್ಮೆ ಓದಿ. ಕಳೆದ ಜೂನ್‌ನಲ್ಲಿ ನಮ್ಮ ಭಾವ ದೋಣಿಯಿಂದ ನೀರಿಗೆ ಬಿದ್ದರು. ತಿರುಗುತ್ತಿದ್ದ ಫ್ಯಾನಿಗೂ (ನೀರೊಳಗಿನ ಪ್ರೊಪೆಲ್ಲರ್) ಅವರ ಕಾಲಿಗೂ ಇದ್ದದ್ದು ಎರಡು ಮೊಳ ಅಂತರ. ಆಗ ಲಿವರ್ ನ್ಯೂಟ್ರಲ್‌ನಲ್ಲೇ ಇತ್ತು.

ನಮ್ಮದು ಗಂಗೊಳ್ಳಿ ಕಡೆಯ ನಾಡದೋಣಿ. ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಟ್ರಾಲರ್‌ಗಳೆಲ್ಲ ದಕ್ಕೆಯಲ್ಲಿ ಕಟ್ಟಿ ನಿಂತಿರುವಾಗ, 10 ಎಚ್‌ಪಿ ಒಳಗಿನ ಎಂಜಿನ್ ಹಾಕಿದ ನಾಡದೋಣಿಗಳು ಕಡಲಿಗೆ ಇಳಿಯಬಹುದು. ಆ ಎರಡು ತಿಂಗಳ ಆಸೆಗೇ ಹದಿನೈದು ವರ್ಷ ಹಳೆಯ, 9.9 ಎಚ್‌ಪಿಯ ಟೂ ಸ್ಟ್ರೋಕ್ ಎಂಜಿನ್ ಒಂದನ್ನು 55 ಸಾವಿರ ಕೊಟ್ಟು ತಂದೆ. ಮಾರಿದವರು ನೀರು ತುಂಬಿದ ಡ್ರಮ್ಮಿನಲ್ಲಿಟ್ಟು ಓಡಿಸಿ ತೋರಿಸಿದ್ದರು. ಒಂದೇ ಎಳೆತಕ್ಕೆ ಸ್ಟಾರ್ಟ್. ಡ್ರಮ್ಮಿನೊಳಗೆ ಗೇರಿಗೆ ದೋಣಿ ನೂಕುವಷ್ಟು ಲೋಡ್ ಬೀಳುವುದಿಲ್ಲ ಅನ್ನೋದು ನನ್ನ ತಲೆಗೆ ಹೋಗಲೇ ಇಲ್ಲ.

ಹೊಳೆಯಲ್ಲಿ ಸರಿಯಾಗೇ ಓಡಿತು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ತೆರೆ ಎದುರಾಗಿ ಥ್ರಾಟಲ್ ಜಾಸ್ತಿ ಮಾಡಿದ ಕೂಡಲೇ ಕೆಳಗಿನಿಂದ ‘ಟಕ್’. ಎಂಜಿನ್ ಕಿರುಚಿಕೊಂಡಿತು, ದೋಣಿ ಸುಮ್ಮನೆ ನಿಂತಿತು. ಮತ್ತೆ ‘ಟಕ್’, ಮತ್ತೆ ಹಿಡಿಯಿತು. “ಹ್ವಾಯ್, ಗೇರ್ ಹಾರ್ತಾ ಇತ್ತ್ ಕಾಣಿ” ಅಂದರು ಭಾವ. ಅಳಿವೆಯ ನಡುವೆ ಹೀಗಾದರೆ ದೋಣಿ ತೆರೆಗೆ ಅಡ್ಡ ತಿರುಗುತ್ತದೆ. ಆಮೇಲಿನದು ಮೀನಿಗೆ ಹೋಗುವವರಿಗೆ ಹೇಳಬೇಕಿಲ್ಲ.

ಮೆಕ್ಯಾನಿಕ್ ಮೊದಲು ಲಿವರಿನ ಲಿಂಕ್ ಬಿಗಿ ಮಾಡಿ 600 ತೆಗೆದುಕೊಂಡರು. ಸರಿಹೋಗಲಿಲ್ಲ. ಫ್ಯಾನಿನ ನಡುವೆ ಒತ್ತಿ ಕೂರಿಸಿದ ರಬ್ಬರ್ ಬುಷ್ ಜಾರುತ್ತಿದೆ ಎಂದು 2,800. ಆಗಲೂ ಇಲ್ಲ. ಬುಷ್ ಹೋಗಿದೆಯೋ ಇಲ್ಲವೋ ನೋಡಲು ಒಂದು ಮಾರ್ಕರ್ ಪೆನ್ ಸಾಕಿತ್ತು ಅಂತ ಆಮೇಲೆ ಗೊತ್ತಾಯಿತು. ಫ್ಯಾನಿನ ನಡುವಿನ ಲೋಹದ ಕೊಳವೆಯಿಂದ ಹೊರಗಿನ ಹಬ್‌ವರೆಗೆ ಒಂದು ಗೆರೆ ಎಳೆದು, ಓಡಿಸಿ ಬಂದು ನೋಡಿ. ಗೆರೆ ಎರಡು ತುಂಡಾಗಿ ಅತ್ತಿತ್ತ ಸರಿದಿದ್ದರೆ ಬುಷ್ಷೇ. ಬುಷ್ ಜಾರಿದರೆ ಇಂಥ ‘ಟಕ್ ಟಕ್’ ಬರುವುದೂ ಇಲ್ಲ, ಎಂಜಿನ್ ಸುಮ್ಮನೆ ಏರುತ್ತದೆ ಅಷ್ಟೇ.

ಕೊನೆಗೆ ನಾನೇ ಗೇರ್ ಬಾಕ್ಸಿನ ಕೆಳಗಿನ ಸ್ಕ್ರೂ ಬಿಚ್ಚಿದೆ. ಬಂದದ್ದು ಹಾಲು ಜಾಸ್ತಿಯಾದ ಚಾ ಬಣ್ಣದ ಆಯಿಲ್. ಸೀಲ್ ಹೋಗಿ ಉಪ್ಪುನೀರು ಎಷ್ಟು ದಿನದಿಂದ ಒಳಗಿತ್ತೋ. ಬಾಕ್ಸ್ ಬಿಚ್ಚಿಸಿದಾಗ, ಗೇರಿಗೆ ಕಚ್ಚಿಕೊಂಡು ಫ್ಯಾನನ್ನು ತಿರುಗಿಸುವ ಡಾಗ್ ಕ್ಲಚ್ ಕೈಗೆ ಬಂತು. ಫಾರ್ವರ್ಡ್ ಗೇರಿನ ಹಲ್ಲಿಗೆ ಕಚ್ಚಿಕೊಳ್ಳಬೇಕಾದ ಅದರ ಮೂಲೆಗಳು ಬಚ್ಚಲಿನ ಸಾಬೂನಿನ ಹಾಗೆ ದುಂಡಗಾಗಿದ್ದವು. ರಿವರ್ಸ್ ಕಡೆಯ ಮೂಲೆಗಳು ಇನ್ನೂ ಬೆರಳಿಗೆ ಚುಚ್ಚುತ್ತಿದ್ದವು. ಹಿಂದಿನವರು ಗೇರನ್ನು ಮೆಲ್ಲ ಮೆಲ್ಲಗೆ, ಕರಕರ ಅನ್ನಿಸುತ್ತಾ ಹಾಕಿರಬೇಕು. ‘ಮೆಲ್ಲಗೆ ಹಾಕಿದರೆ ಎಂಜಿನ್ನಿಗೆ ಒಳ್ಳೆಯದು’ ಎಂದು ನಮ್ಮಲ್ಲೂ ಎಷ್ಟೋ ಜನ ಹೇಳುತ್ತಾರೆ. ಪೂರ್ತಿ ಉಲ್ಟಾ. ಥ್ರಾಟಲ್ ಇಳಿಸಿ, ಒಂದೇ ಸಲಕ್ಕೆ ಗಟ್ಟಿಯಾಗಿ ಹಾಕಬೇಕು. ಆದರೆ ಎಂಜಿನ್ ನಿಂತಿರುವಾಗ ಲಿವರ್ ಬೀಳದಿದ್ದರೆ ಜೋರು ಮಾಡಬೇಡಿ, ಫ್ಯಾನನ್ನು ಕೈಯಲ್ಲಿ ತುಸು ತಿರುಗಿಸಿದರೆ ಹಲ್ಲು ಕೂತು ತಾನೇ ಬೀಳುತ್ತದೆ.

ಡಾಗ್, ಫಾರ್ವರ್ಡ್ ಗೇರ್ ಎರಡನ್ನೂ ಜೊತೆಗೇ ಬದಲಾಯಿಸಿದೆವು. ಸವೆದ ಒಂದನ್ನು ಬಿಟ್ಟರೆ ಅದು ಹೊಸದನ್ನೂ ತಿನ್ನುತ್ತದೆ. ಸೀಲ್, ಆಯಿಲ್ ಹೊಸದು. ಇಷ್ಟೆಲ್ಲ ಮಾಡಿಸಿಯೂ ಎಡವಿದ್ದು ಜೋಡಿಸುವಾಗ.

ಮೇಲಿನ ಲಿವರಿನಿಂದ ಇಳಿದುಬರುವ ಶಿಫ್ಟ್ ರಾಡನ್ನು ಗೇರ್ ಬಾಕ್ಸಿನ ರಾಡಿಗೆ ಸೇರಿಸುವಾಗ ಎರಡೂ ಒಂದೇ ಸ್ಥಾನದಲ್ಲಿರಬೇಕು. ನಮ್ಮದರಲ್ಲಿ ಮೇಲೆ ನ್ಯೂಟ್ರಲ್, ಕೆಳಗೆ ಫಾರ್ವರ್ಡ್. ಹಾಗೇ ಬಿಗಿದು ಕೊಟ್ಟಿದ್ದರು. ಗೇರಿನಲ್ಲಿದ್ದರೆ ಹಗ್ಗ ಎಳೆಯಲು ಬಿಡದ ಲಾಕ್ ನಮ್ಮ ಎಂಜಿನ್ನಿನಲ್ಲೂ ಇದೆ. ಆದರೆ ಆ ಲಾಕ್ ನೋಡುವುದು ಲಿವರನ್ನು. ಕೆಳಗೆ ಯಾವ ಗೇರ್ ಬಿದ್ದಿದೆ ಅಂತ ಅದಕ್ಕೇನು ಗೊತ್ತು? ಭಾವ ಮುಂದೆ ನಿಂತು ಕಟ್ಟಿದ ಹಗ್ಗ ಬಿಚ್ಚುತ್ತಿದ್ದರು. ನಾನು ಎಂಜಿನ್ನಿನ ಸ್ಟಾರ್ಟಿಂಗ್ ಹಗ್ಗ ಎಳೆದೆ. ದೋಣಿ ಹಾರಿ ದಕ್ಕೆಯ ಕಲ್ಲಿಗೆ ಗುದ್ದಿತು, ಅವರು ಪಕ್ಕಕ್ಕೆ ಬಿದ್ದರು, ದೋಣಿಯ ಹಿಂಭಾಗ ಅವರ ಕಡೆಗೇ ತಿರುಗಿತು. ಎಳೆದರೆ ಎಂಜಿನ್ ನಿಲ್ಲಿಸುವ ಸ್ಟಾಪ್ ಬಳ್ಳಿ ಅದೃಷ್ಟಕ್ಕೆ ನನ್ನ ಮಣಿಕಟ್ಟಿನಲ್ಲಿತ್ತು.

ಈಗ ಬಾಕ್ಸ್ ಇಳಿಸಿ ಹತ್ತಿಸಿದಾಗಲೆಲ್ಲ ದೋಣಿ ನೀರಿಗಿಳಿಯುವ ಮುಂಚೆಯೇ ನೋಡುತ್ತೇವೆ. ಆ ಬಳ್ಳಿಯ ಸ್ಟಾಪ್ ಕ್ಲಿಪ್ ತೆಗೆದು, ಸ್ಪಾರ್ಕ್ ಪ್ಲಗ್‌ಗಳನ್ನೂ ಬಿಚ್ಚಿಟ್ಟು, ನ್ಯೂಟ್ರಲ್‌ನಲ್ಲಿ ಫ್ಯಾನನ್ನು ಎರಡೂ ಕಡೆಗೆ ತಿರುಗಿಸುತ್ತೇವೆ. ಎಲ್ಲೂ ತಡೆಯದೆ, ಸದ್ದಿಲ್ಲದೆ ತಿರುಗಬೇಕು. ಆಮೇಲೆ ಫಾರ್ವರ್ಡ್ ಹಾಕಿ (ಗೇರಿನಲ್ಲಿ ಹಗ್ಗ ಎಳೆಯಲು ಲಾಕ್ ಬಿಡುವುದಿಲ್ಲವಲ್ಲ) ಒಬ್ಬರು ಎಂಜಿನ್ನಿನ ಮೇಲಿನ ಫ್ಲೈವೀಲ್ ಚಕ್ರವನ್ನು ಎಂಜಿನ್ ಓಡುವ ದಿಕ್ಕಿಗೇ ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ, ದೂರ ನಿಂತ ಇನ್ನೊಬ್ಬರಿಗೆ ಫ್ಯಾನ್ ಮುಂದಕ್ಕೆ ನೂಕುವ ದಿಕ್ಕಿಗೆ ತಿರುಗಿದ್ದು ಕಾಣಬೇಕು, ರಿವರ್ಸಿನಲ್ಲಿ ಅದರ ಉಲ್ಟಾ. ಐದು ನಿಮಿಷದ ಕೆಲಸ. ಫ್ಯಾನ್ ತಿರುಗಿಸುವುದು ಈಗ ಭಾವನೇ, ನನ್ನ ಕೈಗೆ ಕೊಡುವುದಿಲ್ಲ.

ಹಳೆಯ ಎಂಜಿನ್ ಕೊಳ್ಳಲು ಹೊರಟವರು ಡ್ರಮ್ಮಿನ ಓಟ ನೋಡಿ ದುಡ್ಡು ಎಣಿಸಬೇಡಿ. ಗೇರ್ ಬಾಕ್ಸಿನ ಕೆಳಗಿನ ಸ್ಕ್ರೂ ಬಿಚ್ಚಿ ನಾಲ್ಕು ಹನಿ ಆಯಿಲ್ ಅಂಗೈ ಮೇಲೆ ಬಿಡಿಸಿಕೊಳ್ಳಿ. ಆಮೇಲೆ ದೋಣಿಗೆ ಕಟ್ಟಿಸಿ, ಇಬ್ಬರು ಕೂತು, ಪೂರ್ತಿ ಥ್ರಾಟಲ್‌ನಲ್ಲಿ ಹೊಳೆಯಲ್ಲೇ ಓಡಿಸಿ ನೋಡಿ.